ನೀರಿನೊಳಗಿನ ಪಾಠಶಾಲೆಯಲ್ಲಿ ಅಪಜಯವೆಂಬುದೇನು?

ಕುಮಟಾ ತಾಲೂಕಿನ ಹೊಳನಗದ್ದೆಯ ತಾಯಿಯೊಬ್ಬರು ಕಳೆದ ಬೇಸಗೆಯ ಕೊನೆಯಲ್ಲಿ ನಮ್ಮನ್ನು ಕಾಣಲು ಬಂದಿದ್ದರು. ಅವರ ಮಗಳು ನಮ್ಮ ಶಾಲೆಯ ಬೋರ್ಡಿಂಗಿನಲ್ಲಿದ್ದು ಓದಿ ಹೋದವಳು. ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವಳು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಕಡಲಿನಲ್ಲಿ ಮುಳುಗುವ ಸ್ಕೂಬಾ ವಿದ್ಯೆಯನ್ನು ಕಲಿತು, ಅದರಲ್ಲಿ ಮೇಲಿನ ತರಗತಿಯಾದ ತಾಂತ್ರಿಕ ಮುಳುಗುವಿಕೆಯ ಶಿಕ್ಷಣಕ್ಕೆ ಸೇರಿದ್ದಳು. ಐದು ದಿನಗಳ ಅಭ್ಯಾಸದ ತರುವಾಯ ಗುರುಗಳು ಅವಳಿಗೆ ಪ್ರಮಾಣಪತ್ರವನ್ನು ಕೊಡದೆ, ಮಳೆಗಾಲ ಕಳೆದ ಮೇಲೆ ಪುನಃ ಬರಬೇಕೆಂದು ಹೇಳಿ ಕಳುಹಿಸಿದ್ದರು. “ಅಕ್ಕೋರೇ, ಹುಡುಗಿ ಶಾಲೆಯಲ್ಲಿ ಒಂದು ಪರೀಕ್ಷೆಗೂ ನಾಪಾಸಾದವಳಲ್ಲ. ಈಗ ಮಂಕಾಗಿ ಕೂತಿದ್ದಾಳೆ. ಇನ್ನೊಮ್ಮೆ ಹೋಗು ಅನ್ನುವುದೋ, ಇದು ನಿನ್ನ ಕೈಲಾಗದ ಕೆಲಸ ಬಿಡು ಅನ್ನುವುದೋ, ನೀವೇ ಹೇಳಿ,” ಎಂಬುದು ಆ ತಾಯಿಯ ಪ್ರಶ್ನೆಯಾಗಿತ್ತು.

ಆ ದಿನ ನಾವು ಸರಿಯಾದ ಉತ್ತರ ಕೊಡಲಾರದೆ ಹೋದೆವು. ಗಣಿತದಲ್ಲಿ ನಾಪಾಸಾದವಳನ್ನು ಹೇಗೆ ಸಂತೈಸಬೇಕೆಂಬುದನ್ನು ನಾವು ಬಲ್ಲೆವು. ಕಡಲಿನ ಪರೀಕ್ಷೆಯ ಸಂಗತಿ ನಮಗೆ ಹೊಸದು. ಬಳಿಕ ಹುಡುಗಿಯನ್ನೇ ಕೂಡಿಸಿಕೊಂಡು ವಿಚಾರಿಸಿದೆವು, ಅವಳ ಪಾಠದ ಪುಸ್ತಕಗಳನ್ನು ತರಿಸಿ ಓದಿದೆವು. ತಿಳಿದುಕೊಂಡುದನ್ನು ಇಲ್ಲಿ ಬರೆಯುವುದಕ್ಕೆ ಕಾರಣವೇನೆಂದರೆ, ಮುರ್ಡೇಶ್ವರದಲ್ಲಿ ದೋಣಿ ಹತ್ತಿ ಈ ವಿದ್ಯೆಯನ್ನು ಕಲಿಯಹೋಗುವ ಹೆಣ್ಣುಮಕ್ಕಳು ಈಗ ಒಬ್ಬಿಬ್ಬರಲ್ಲ. ಅವರ ತಾಯಿತಂದೆಗಳೂ ಇದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡಿರಬಹುದು.

ನೀರಿಗಿಳಿಯುವುದು ನಮ್ಮ ಕರಾವಳಿಯ ಸ್ತ್ರೀಯರಿಗೆ ಹೊಸತೇನಲ್ಲ. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನೀರಿನಲ್ಲಿ ನಿಂತು ಬಳಚು ಆಯುವ ಹೆಂಗಸರನ್ನು ಕುಮಟೆಯ ಕಡೆಯವರೆಲ್ಲ ಕಂಡಿದ್ದಾರೆ. ದೂರದ ಕೊರಿಯಾ ದೇಶದ ಜೇಜು ದ್ವೀಪದಲ್ಲಿ ‘ಹೇನ್ಯೋ’ ಎಂದು ಕರೆಯಲ್ಪಡುವ ಸ್ತ್ರೀಯರು ಯಾವ ಸಿಲಿಂಡರೂ ಇಲ್ಲದೆ, ಬರಿಯ ಉಸಿರು ಕಟ್ಟಿ ಮುಳುಗಿ ಕಪ್ಪೆಚಿಪ್ಪುಗಳನ್ನು ತಂದು ಸಂಸಾರ ಸಾಕುತ್ತ ಬಂದಿದ್ದಾರೆ. ೨೦೧೬ರಲ್ಲಿ ಯುನೆಸ್ಕೋ ಸಂಸ್ಥೆಯು ಅವರ ಸಂಸ್ಕೃತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅವರಲ್ಲಿ ಹಾಗುನ್, ಜುಂಗುನ್, ಸಾಂಗುನ್ ಎಂದು ಮೂರು ದರ್ಜೆಗಳುಂಟು. ದರ್ಜೆಯು ಅವರವರ ಸಾಮರ್ಥ್ಯದಿಂದ ನಿರ್ಣಯವಾಗುವುದು. ಕೆಳಗಿನ ದರ್ಜೆಯವಳಿಗೆ ಮೇಲಿನವಳೇ ಗುರು. ಕೆಳಗಿನ ದರ್ಜೆಯಲ್ಲಿರುವುದನ್ನು ಅಲ್ಲಿ ಯಾರೂ ‘ನಾಪಾಸು’ ಎನ್ನುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ನಮ್ಮಲ್ಲಿಯ ಕಲಿಕೆ ಸಾಮಾನ್ಯವಾಗಿ ನೇತ್ರಾಣಿಯಲ್ಲಿ ಆರಂಭವಾಗುತ್ತದೆ. ಅದು ಮುರ್ಡೇಶ್ವರದ ತೀರದಿಂದ ಸುಮಾರು ೧೯ ಕಿಲೋಮೀಟರು ದೂರದಲ್ಲಿ, ಭಟ್ಕಳ ತಾಲೂಕಿಗೆ ಸೇರಿದ, ಸುತ್ತಲೂ ಹವಳದ ದಿಬ್ಬಗಳುಳ್ಳ ಒಂದು ಸಣ್ಣ ದ್ವೀಪ. ಇಂಗ್ಲೀಷರು ಪಾರಿವಾಳದ ದ್ವೀಪವೆಂದು ಕರೆದರು. ಮಳೆಗಾಲದಲ್ಲಿ ಅತ್ತ ದೋಣಿ ಹೋಗದು. ವಿನೋದಕ್ಕಾಗಿ ಮುಳುಗುವವರು ಹೆಚ್ಚೆಂದರೆ ೪೦ ಮೀಟರಿನ ಆಳಕ್ಕೆ ಇಳಿಯಬಹುದು. ಅದೂ ತಕ್ಕ ಶಿಕ್ಷಣ ಪಡೆದವರು ಮಾತ್ರ. ಯಾವ ತೊಂದರೆ ಬಂದರೂ ಸಾವಕಾಶವಾಗಿ ನೆಟ್ಟಗೆ ಮೇಲೆ ಬಂದುಬಿಡುವ ಸ್ವಾತಂತ್ರ್ಯ ಅವರಿಗುಂಟು. ತಾಂತ್ರಿಕ ಮುಳುಗುವಿಕೆಯಲ್ಲಿ ಈ ಸ್ವಾತಂತ್ರ್ಯವಿಲ್ಲ. ಎರಡಕ್ಕೂ ಇರುವ ವ್ಯತ್ಯಾಸವೆಲ್ಲ ಇಷ್ಟರಲ್ಲಿಯೇ ಅಡಗಿರುವುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಸಮುದ್ರದ ಮೇಲ್ಮೈಯಲ್ಲಿ ನಿಂತವನ ಮೇಲೆ ಗಾಳಿಯ ಭಾರ ಒಂದು ಪಾಲು ಎಂದು ಇಟ್ಟುಕೊಳ್ಳೋಣ. ನೀರಿನಲ್ಲಿ ೧೦ ಮೀಟರು, ಅರ್ಥಾತ್ ನಮ್ಮ ಮೀನುಗಾರರ ಲೆಕ್ಕದಲ್ಲಿ ಐದೂವರೆ ಮಾರು ಇಳಿದರೆ ಒತ್ತಡವು ಎರಡು ಪಾಲಾಗುವುದು. ೩೦ ಮೀಟರಿನಲ್ಲಿ ನಾಲ್ಕು ಪಾಲು, ೪೦ರಲ್ಲಿ ಐದು ಪಾಲು. ಇದ್ದ ಗಾಳಿಯೆಲ್ಲ ಅಷ್ಟಷ್ಟೇ ಕುಗ್ಗುವುದರಿಂದ, ೩೦ ಮೀಟರಿನ ಆಳದಲ್ಲಿ ಒಂದೊಂದು ಉಸಿರಿಗೂ ಮೇಲಿನ ನಾಲ್ಕರಷ್ಟು ಗಾಳಿ ಖರ್ಚಾಗುತ್ತದೆ. ಹಾಗೆ ಒತ್ತಿದ ಗಾಳಿಯಲ್ಲಿಯ ಸಾರಜನಕವು ರಕ್ತದಲ್ಲಿಯೂ ಮಾಂಸದಲ್ಲಿಯೂ ಕರಗುತ್ತ ಹೋಗುವುದು. ಗೋಲಿ ಸೋಡಾದ ಬಾಟಲಿಯನ್ನು ನೆನೆಯಿರಿ. ಗೋಲಿ ಕುತ್ತಿಗೆಯಲ್ಲಿರುವ ತನಕ ನೀರು ನೀರಿನಂತೆಯೇ ಕಾಣುತ್ತದೆ. ಗೋಲಿಯನ್ನು ಒತ್ತಿದೊಡನೆ ಕರಗಿದ್ದ ವಾಯುವು ಗುಳ್ಳೆಗುಳ್ಳೆಯಾಗಿ ಉಕ್ಕುತ್ತದೆ. ಆಳದಲ್ಲಿ ಬಹಳ ಹೊತ್ತು ಇದ್ದವನು ಥಟ್ಟನೆ ಮೇಲೆ ಬಂದರೆ ಅವನ ರಕ್ತದಲ್ಲಿ ಆಗುವುದು ಇದೇ. ಫ್ರಾನ್ಸಿನ ಪೌಲ್ ಬೆರ್ ಎಂಬ ಪಂಡಿತನು ೧೮೭೮ರಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟನು.

ಅದಕ್ಕೂ ಮುಂಚೆ ಈ ರೋಗವು ಸೇತುವೆ ಕಟ್ಟುವವರನ್ನು ಬಹಳವಾಗಿ ಕಾಡಿತ್ತು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಕಂಬಗಳನ್ನು ಕಟ್ಟುವಾಗ, ನದಿಯ ತಳದಲ್ಲಿ ಒತ್ತಿದ ಗಾಳಿ ತುಂಬಿದ ಪೆಟ್ಟಿಗೆಗಳೊಳಗೆ ಕೆಲಸ ಮಾಡಿ ಮೇಲೆ ಬಂದ ಕೂಲಿಗಳು ಕೀಲುನೋವಿನಿಂದ ಬಾಗಿಹೋಗುತ್ತಿದ್ದರು. ಮುಖ್ಯ ಇಂಜಿನಿಯರಾದ ವಾಷಿಂಗ್ಟನ್ ರೋಬ್ಲಿಂಗನೂ ೧೮೭೨ರಲ್ಲಿ ಅದಕ್ಕೆ ತುತ್ತಾಗಿ ಹಾಸಿಗೆ ಹಿಡಿದನು. ಆಗ ಅವನ ಪತ್ನಿಯಾದ ಎಮಿಲಿ ರೋಬ್ಲಿಂಗಳು ಆ ವಿದ್ಯೆಯನ್ನು ತಾನೇ ಅಭ್ಯಸಿಸಿ, ಗಂಡನ ಸೂಚನೆಗಳನ್ನು ಕೆಲಸದ ಸ್ಥಳಕ್ಕೆ ಒಯ್ಯುತ್ತ, ೧೮೮೩ರಲ್ಲಿ ಸೇತುವೆಯು ಪೂರ್ತಿಯಾಗುವ ತನಕ ನಡೆಸಿಕೊಟ್ಟಳು. ಇದು ನಮ್ಮ ವಿಷಯಕ್ಕೆ ಸ್ವಲ್ಪ ಹೊರಗಿನದು; ಆದರೂ ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗಲಿಲ್ಲ.

ಗುಳ್ಳೆಗಳ ರೋಗಕ್ಕೆ ದಾರಿ ಕಂಡುಹಿಡಿದವನು ಸ್ಕಾಟ್ಲೆಂಡಿನ ಜಾನ್ ಸ್ಕಾಟ್ ಹಾಲ್ಡೇನನು. ಅವನೂ ಅವನ ಜೊತೆಗಾರರೂ ಮೇಕೆಗಳನ್ನು ಒತ್ತಡದ ಕೋಣೆಯಲ್ಲಿಟ್ಟು, ಬೇರೆ ಬೇರೆ ರೀತಿಯಲ್ಲಿ ಒತ್ತಡವನ್ನು ಇಳಿಸಿ ನೋಡಿದರು. ಅವಸರವಾದಾಗ ಮೇಕೆಯು ನೋವಿನಿಂದ ಕಾಲೆತ್ತಿ ನಿಲ್ಲುತ್ತಿತ್ತು. ೧೯೦೮ರಲ್ಲಿ ಅವರು ಪ್ರಕಟಿಸಿದ ನಿಯಮದ ಸಾರವಿಷ್ಟು: ಮುಳುಗಿದವನು ಒಮ್ಮೆಲೇ ಮೇಲೆ ಬರಕೂಡದು, ಮೆಟ್ಟಿಲು ಮೆಟ್ಟಿಲಾಗಿ ಬರತಕ್ಕದ್ದು, ಒಂದೊಂದು ಮೆಟ್ಟಿಲಿನಲ್ಲಿಯೂ ಲೆಕ್ಕದಂತೆ ಇಷ್ಟಿಷ್ಟು ನಿಮಿಷ ನಿಲ್ಲತಕ್ಕದ್ದು. ಇಂದಿನ ಲೆಕ್ಕಗಳು ಬಹಳ ಸೂಕ್ಷ್ಮವಾಗಿವೆ. ಆದರೆ ತಳಹದಿ ಅದೇ.

ಆದಕಾರಣ ತಾಂತ್ರಿಕವಾಗಿ ಮುಳುಗಿದವರ ತಲೆಯ ಮೇಲೆ ಕಣ್ಣಿಗೆ ಕಾಣದ ಒಂದು ಮಾಳಿಗೆಯಿರುತ್ತದೆ. ನೀರು ತಿಳಿಯಾಗಿ ಸೂರ್ಯನ ಬೆಳಕು ಕಂಡರೂ ಆ ಮಾಳಿಗೆಯನ್ನು ಒಡೆದು ಮೇಲೆ ಹೋಗುವಂತಿಲ್ಲ. ಕೊಳವೆ ಸೋರಿದರೂ, ಕಣ್ಣಿನ ಮಾಸ್ಕು ಕಳೆದುಹೋದರೂ, ಸಂಗಡಿಗಳ ಗಾಳಿ ಮುಗಿದರೂ ಅದನ್ನು ಅಲ್ಲಿಯೇ, ನೀರಿನೊಳಗೇ ಸರಿಪಡಿಸಿಕೊಳ್ಳಬೇಕು. ಇದಲ್ಲದೆ, ೩೦ ಮೀಟರಿನ ಸುಮಾರಿನಿಂದ ಸಾರಜನಕವು ಬುದ್ಧಿಗೆ ಅಮಲೇರಿಸಲಾರಂಭಿಸುತ್ತದೆ; ಆಯುಷ್ಯದಲ್ಲಿ ಮದ್ಯವನ್ನು ಮುಟ್ಟದವರಿಗೂ ಈ ಅಮಲು ತಪ್ಪದು. ಅದನ್ನು ಕಡಿಮೆ ಮಾಡಲು ಹೀಲಿಯಂ ವಾಯುವನ್ನು ಬೆರೆಸುವರು. ಮೇಲೆ ಬರುವಾಗ ಸಾರಜನಕವು ಬೇಗನೆ ಹೊರಟುಹೋಗಲೆಂದು ಆರು ಮೀಟರಿನ ನಿಲುಗಡೆಯಲ್ಲಿ ಶುದ್ಧ ಆಮ್ಲಜನಕವನ್ನು ಸೇದುವುದುಂಟು. ಅದೇ ಬಾಟಲಿಯನ್ನು ತಪ್ಪಿ ೩೦ ಮೀಟರಿನಲ್ಲಿ ಬಾಯಿಗಿಟ್ಟರೆ ಅಪಸ್ಮಾರದಂತೆ ಸೆಳವು ಬಂದು ಪ್ರಾಣವೇ ಹೋದೀತು. ಜೀವದಾಯಕವಾದ ವಾಯುವು ಆಳದಲ್ಲಿ ವಿಷವಾಗುವುದೆಂದು ಕೇಳಿ ನಾವೇ ಬೆರಗಾದೆವು.

ಈಗ ಹೊಳನಗದ್ದೆಯ ಹುಡುಗಿಯ ಐದು ದಿನಗಳ ಸಂಗತಿಗೆ ಬರೋಣ. ಮೊದಲನೆಯ ದಿನ ಬೆನ್ನಿನ ಜೋಡಿ ಸಿಲಿಂಡರುಗಳ ವಾಲ್ವುಗಳನ್ನು ತಲೆಯ ಹಿಂದಕ್ಕೆ ಕೈಚಾಚಿ ಮುಚ್ಚಿ ತೆರೆಯಬೇಕಾಗಿತ್ತು, ಎಡಗೈ ಸಾಲಲಿಲ್ಲ. ಎರಡನೆಯ ದಿನ ಮಾಸ್ಕನ್ನು ತೆಗೆಯಿಸಿದಾಗ ಮುಖಕ್ಕೆ ನೀರು ತಗಲಿದೊಡನೆ ಉಸಿರು ದಮ್ಮುಕಟ್ಟಿದಂತಾಗಿ ಅವಳು ಮೇಲಕ್ಕೆ ಧಾವಿಸಿದಳು. ಮೂರನೆಯ ದಿನ ನೆಗಡಿಯಿಂದ ಕಿವಿ ಬಿಡದೆ ದೋಣಿಯಲ್ಲಿಯೇ ಕುಳಿತಳು. ನಾಲ್ಕನೆಯ ದಿನ ಎಲ್ಲವೂ ಸರಿಯಾಯಿತು. ಐದನೆಯ ದಿನ, ಆರು ಮೀಟರಿನಲ್ಲಿ ನಿಂತು ಸಂಗಡಿಗಳಿಗೆ ತನ್ನ ಗಾಳಿಯ ಉದ್ದ ಕೊಳವೆಯನ್ನು ಕೊಡುವ ಅಭ್ಯಾಸದಲ್ಲಿ, ಕೈಕೆಲಸದ ಮೇಲೆಯೇ ಗಮನವಿಟ್ಟು, ತಾನು ಮೂರು ಮೀಟರಿಗೆ ಏರಿಹೋದುದನ್ನು ಅರಿಯದೆ ಹೋದಳು. ಗುರುಗಳು ಅಲ್ಲಿಗೆ ಪಾಠ ನಿಲ್ಲಿಸಿದರು.

ಕೇಳುವವರಿಗೆ ಮೂರು ಮೀಟರು ಬಹಳವೆನಿಸದು. ಆದರೆ ಮೇಲೆ ಬಂದಷ್ಟೂ ಜಾಕೀಟಿನೊಳಗಿನ ಗಾಳಿಯು ಹಿಗ್ಗಿ ಮುಳುಗುಗಾರ್ತಿಯನ್ನು ಇನ್ನಷ್ಟು ಮೇಲಕ್ಕೆ ಸೆಳೆಯುತ್ತದೆ. ಮೇಲ್ಮೈಯ ಹತ್ತಿರವೇ ಈ ಹಿಗ್ಗುವಿಕೆ ಅತಿ ಹೆಚ್ಚು. ಮೂರರಲ್ಲಿ ತಡೆಯದವಳು ಕ್ಷಣದಲ್ಲಿ ಮೇಲಿರುವಳು. ಆ ದಿನದ ಮಾಳಿಗೆ ಅಭ್ಯಾಸಕ್ಕಾಗಿ ಕಲ್ಪಿಸಿಕೊಂಡದ್ದು. ಅದನ್ನು ಒಡೆದವಳಿಗೆ ಏನೂ ಆಗಲಿಲ್ಲ. ಇದನ್ನೇ ನಾವು ತಾಯಿಯವರಿಗೆ ಮೊದಲಾಗಿ ಹೇಳಿದ್ದು: ಮಗಳು ತಪ್ಪಿದ್ದು ತಪ್ಪಿದರೆ ಬರಿಯ ಪ್ರಮಾಣಪತ್ರ ತಪ್ಪುವ ಸ್ಥಳದಲ್ಲಿ. ಅದೇ ತಪ್ಪನ್ನು ಅಲ್ಲಿ ಮಾಡದೆ, ಹೇಗೋ ದಾಟಿಕೊಂಡು, ಮುಂದೆ ನಿಜವಾದ ಮಾಳಿಗೆಯ ಕೆಳಗೆ ಮಾಡಿದ್ದರೆ ಗತಿಯೇನಾಗುತ್ತಿತ್ತು? ಈ ವಿದ್ಯೆಯಲ್ಲಿ ಹೆದರಬೇಕಾದದ್ದು ಅದೃಷ್ಟದಿಂದ ದೊರೆತ ಪಾಸಿಗೆ. ಯಾರನ್ನೂ ನಾಪಾಸು ಮಾಡದ ಗುರುವಿನ ಬಳಿಗೆ ಮಕ್ಕಳನ್ನು ಕಳುಹಿಸಬೇಡಿರೆಂದು ನಾವು ತಂದೆತಾಯಿಗಳಿಗೆ ಧೈರ್ಯವಾಗಿ ಹೇಳುವೆವು.

ಹುಡುಗಿಗೆ ಇದು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ಛಲವನ್ನು ಸದ್ಗುಣವೆಂದು ನಾವೇ ಶಾಲೆಯಲ್ಲಿ ಕಲಿಸಿದವರಲ್ಲವೇ? ಅವಳು ಆರತಿ ಸಾಹಾರವರ ಉದಾಹರಣೆಯನ್ನು ಎತ್ತಿದಳು. ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದ ಏಷ್ಯಾದ ಮೊದಲನೆಯ ಸ್ತ್ರೀಯಾದ ಆ ಬಂಗಾಳದ ತರುಣಿಯು ೧೯೫೯ನೆಯ ಆಗಸ್ಟ್ ೨೭ರಂದು ಸೋತು, ಅದೇ ವರ್ಷದ ಸಪ್ಟೆಂಬರ್ ೨೯ರಂದು ಗೆದ್ದರು. ನಡುವೆ ೩೩ ದಿನಗಳು ಮಾತ್ರ. ಉದಾಹರಣೆಯೇನೋ ಒಳ್ಳೆಯದು. ಆದರೆ ಈಜುವವಳಿಗೆ ಪಕ್ಕದಲ್ಲಿ ದೋಣಿಯಿರುತ್ತದೆ, ಮೇಲೆ ಗಾಳಿಯಿರುತ್ತದೆ. ಇನ್ನೂ ಒಂದು ಮೈಲಿ ಎಂದು ಹಲ್ಲುಕಚ್ಚಿ ಮುಂದೆ ಹೋಗುವುದರಿಂದ ಅವಳು ದಣಿಯುವಳೇ ಹೊರತು ಆ ಕ್ಷಣವೇ ಕೆಡುವುದಿಲ್ಲ. ಮುಳುಗುವವಳು ಹಾಗೆ ಹಲ್ಲುಕಚ್ಚಿದರೆ ಕೆಡುವಳು. ಅವಳ ಛಲವು ಎರಡು ಮುಳುಗುಗಳ ನಡುವಣ ದಿನಗಳಲ್ಲಿ ಇರಬೇಕೇ ಹೊರತು ಮುಳುಗಿದಾಗ ಇರಕೂಡದು. ಆದ್ದರಿಂದಲೇ ತಾಂತ್ರಿಕ ಮುಳುಗುಗಾರರಲ್ಲಿ ಒಂದು ಕಟ್ಟಳೆಯುಂಟು: ಯಾವನೊಬ್ಬನು, ಯಾವ ಕ್ಷಣದಲ್ಲಿಯಾದರೂ, ಯಾವ ಕಾರಣಕ್ಕಾದರೂ ‘ಸಾಕು’ ಎಂದು ಹೆಬ್ಬೆರಳು ಮೇಲೆತ್ತಿ ತೋರಿಸಿದರೆ ಉಳಿದವರೆಲ್ಲರೂ ಪ್ರಶ್ನೆಯಿಲ್ಲದೆ ಹಿಂದಿರುಗಬೇಕು, ದಂಡೆಗೆ ಬಂದ ಮೇಲೂ ಹಂಗಿಸಬಾರದು. ನಾವು ಹುಡುಗಿಗೆ ಅವಳ ಮೂರನೆಯ ದಿನವನ್ನು ನೆನಪಿಸಿದೆವು. ಕಿವಿ ಬಿಡದಾಗ ನೀರಿಗಿಳಿಯದೆ ದೋಣಿಯಲ್ಲಿ ಕುಳಿತದ್ದನ್ನು ಅವಳು ಸೋಲಿನ ಲೆಕ್ಕಕ್ಕೆ ಬರೆದುಕೊಂಡಿದ್ದಳು. ಐದು ದಿನಗಳಲ್ಲಿ ಅವಳು ಮಾಡಿದ ಅತ್ಯಂತ ಜಾಣತನದ ಕೆಲಸ ಅದೇ ಎಂದು ನಮ್ಮ ಅಭಿಪ್ರಾಯ.

ಈ ಕಟ್ಟಳೆಗಳೆಲ್ಲ ಬೆಲೆ ತೆತ್ತು ಬಂದವು. ೧೯೪೩ರಲ್ಲಿ ಫ್ರಾನ್ಸಿನ ಝಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾನರು, ಬೇಕಾದಷ್ಟೇ ಗಾಳಿಯನ್ನು ತಕ್ಕ ಒತ್ತಡದಲ್ಲಿ ಬಾಯಿಗೆ ಕೊಡುವ ಯಂತ್ರವನ್ನು ಸಿದ್ಧಪಡಿಸಿದರು. ನಾಲ್ಕು ವರ್ಷಗಳಾದ ಮೇಲೆ, ೧೯೪೭ರಲ್ಲಿ, ಆ ತಂಡದ ಮೋರಿಸ್ ಫಾರ್ಗ್ ಎಂಬ ನುರಿತ ಮುಳುಗುಗಾರನು ಬರಿಯ ಗಾಳಿಯನ್ನೇ ಸೇದುತ್ತ ಸುಮಾರು ೧೨೦ ಮೀಟರು ಇಳಿದನು. ಹಗ್ಗದ ಸಂಜ್ಞೆ ನಿಂತುಹೋಯಿತು, ಮೇಲಕ್ಕೆಳೆದಾಗ ಬದುಕಿಸಲಾಗಲಿಲ್ಲ. ಆ ಆಳದ ಹಲಗೆಯ ಮೇಲೆ ಅವನ ಸಹಿ ಇತ್ತು. ಬರಿಯ ಗಾಳಿಯು ಅಷ್ಟು ಆಳಕ್ಕೆ ಸಲ್ಲದೆಂಬುದನ್ನು ಅವನ ಜೊತೆಗಾರರು ಹಾಗೆ ಕಲಿತರು.

ಅಮೆರಿಕದ ಫ್ಲಾರಿಡಾದಲ್ಲಿ ಶೆಕ್ ಎಕ್ಸ್ಲೀ ಎಂಬ ಹೈಸ್ಕೂಲು ಗಣಿತದ ಉಪಾಧ್ಯಾಯರಿದ್ದರು. ನೀರು ತುಂಬಿದ ಗುಹೆಗಳಲ್ಲಿ ಸತ್ತವರ ಪ್ರಸಂಗಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ೧೯೭೯ರಲ್ಲಿ ಅವರೊಂದು ಚಿಕ್ಕ ಪುಸ್ತಕ ಬರೆದರು. ಹೊರಗಿನವರೆಗೆ ಬಿಡದ ದಾರವಿಲ್ಲದಿರುವುದು, ಮಿತಿಮೀರಿದ ಆಳ, ಹಿಂದಿರುಗಲು ಸಾಕಷ್ಟು ಗಾಳಿ ಉಳಿಸದಿರುವುದು, ಸಾವುಗಳ ಮೂಲಗಳು ಇವೇ. ಗಾಳಿಯಲ್ಲಿ ಮೂರನೆಯ ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ಬರುವುದಕ್ಕೆ, ಇನ್ನೊಂದು ಪಾಲು ಆಪತ್ತಿಗೆ ಎಂಬ ನಿಯಮವನ್ನು ಗುಹೆಗಳಲ್ಲಿ ಮುಳುಗುವವರು ಇಂದಿಗೂ ಪಾಲಿಸುತ್ತಾರೆ. ಇನ್ನೊಬ್ಬರ ತಪ್ಪುಗಳಿಂದ ಇಷ್ಟು ಲೆಕ್ಕ ತೆಗೆದ ಆ ಉಪಾಧ್ಯಾಯರೂ ೧೯೯೪ರಲ್ಲಿ ಮೆಕ್ಸಿಕೋದ ಒಂದು ಅತ್ಯಾಳದ ಹೊಂಡದಲ್ಲಿ ತೀರಿಕೊಂಡರು. ಇದನ್ನು ಮುಚ್ಚಿಡುವುದು ಸರಿಯಲ್ಲವೆಂದು ಬರೆದಿದ್ದೇವೆ.

ಹಾಗಾದರೆ ಹಿನ್ನಡೆಯಾದವಳು ಮಾಡತಕ್ಕದ್ದೇನು? ಮೊದಲು, ಅದೇ ದಿನ, ಉಪ್ಪುನೀರು ಕೂದಲಿನಲ್ಲಿ ಆರುವ ಮುಂಚೆ, ನಡೆದುದನ್ನು ನಡೆದಂತೆಯೇ ಬರೆದಿಡಬೇಕು: ಎಷ್ಟು ಆಳ, ಎಷ್ಟು ಗಾಳಿ, ಯಾವ ಕೈ, ಮೊದಲು ಕೆಟ್ಟದ್ದು ಯಾವುದು. ‘ನಾನು ಹೆದರುಪುಕ್ಕಲಿ’ ಎಂದು ಬರೆಯುವುದರಿಂದ ಏನೂ ತಿಳಿಯುವುದಿಲ್ಲ. ‘ಮೂಗಿನಿಂದ ಉಸಿರೆಳೆಯಲು ಹೋದೆ’ ಎಂದು ಬರೆದರೆ ಮದ್ದು ತಾನಾಗಿ ಕಾಣುತ್ತದೆ. ಗಾಬರಿಯೆಂಬುದೂ ಬಹುಮಟ್ಟಿಗೆ ಉಸಿರಿನ ಲೆಕ್ಕವೇ. ಮೇಲೆಮೇಲಿನ ಸಣ್ಣ ಉಸಿರುಗಳಿಂದ ಇಂಗಾಲಾಮ್ಲವಾಯುವು ಶರೀರದಲ್ಲಿ ಕೂಡಿಕೊಂಡು, ಉಸಿರು ಸಾಲದೆಂಬ ಭಯವನ್ನು ಹುಟ್ಟಿಸಿ, ಭಯವು ಉಸಿರನ್ನು ಇನ್ನಷ್ಟು ಸಣ್ಣದು ಮಾಡುತ್ತದೆ. ‘ನಿಲ್ಲು, ಉಸಿರಾಡು, ಯೋಚಿಸು, ಆಮೇಲೆ ಕೈಹಾಕು’ ಎಂದು ಕಲಿಸುವುದು ಇದಕ್ಕಾಗಿ. ಉಸಿರನ್ನು ಒಳಗೆ ಎಳೆದುಕೊಳ್ಳುವುದಕ್ಕಿಂತ ನಿಧಾನವಾಗಿ ಪೂರ್ತಿ ಹೊರಗೆ ಬಿಡುವುದೇ ಮುಖ್ಯ. ಮಾಸ್ಕಿನ ಭಯವುಳ್ಳವರು ಮೊದಲು ಬಾಲ್ದಿಯ ನೀರಿನಲ್ಲಿ, ತರುವಾಯ ಸೊಂಟದುದ್ದ ನೀರಿನಲ್ಲಿ ಅಭ್ಯಾಸ ಮಾಡಬಹುದು. ಆದರೆ ಪಕ್ಕದಲ್ಲಿ ಯಾರಾದರೂ ಇಲ್ಲದೆ ಎಂದಿಗೂ ಕೂಡದು. ಎರಡು ಕೆಲಸಗಳಲ್ಲಿ ಸೋತವಳು ಎರಡನ್ನೂ ಒಟ್ಟಿಗೆ ತಿದ್ದಲು ಹೋಗಕೂಡದು.

ಕಿವಿಯ ವಿಷಯದಲ್ಲಿ ಮಾತ್ರ ಛಲವು ಸಲ್ಲದು. ಮೂಗು ಹಿಡಿದು ಮೆಲ್ಲನೆ ಗಾಳಿಯೂದಿ ಕಿವಿಯೊಳಗಿನ ಒತ್ತಡವನ್ನು ಸಮಮಾಡಿಕೊಳ್ಳುವುದು ಇಳಿಯಲಾರಂಭಿಸಿದೊಡನೆಯೇ, ನೋವು ಬರುವ ಮುಂಚೆಯೇ ಆಗಬೇಕು. ಬಿಡದಿದ್ದರೆ ಸ್ವಲ್ಪ ಮೇಲೆ ಬಂದು ನೋಡಬೇಕು. ಆಗಲೂ ಬಿಡದಿದ್ದರೆ ಆ ದಿನ ಮುಗಿಯಿತು. ಬಲವಂತ ಮಾಡಿದವರ ಕಿವಿಯ ತಮಟೆ ಹರಿದುದುಂಟು. ಹೃದಯದ ಕಾಯಿಲೆ, ಉಬ್ಬಸ ಮೊದಲಾದವುಗಳುಳ್ಳವರು ವೈದ್ಯರ ಮಾತನ್ನು ಕೇಳಿ, ಬೇಡವೆಂದರೆ ಬಿಟ್ಟುಬಿಡಬೇಕು. ಎಲ್ಲರೂ ಆಳಕ್ಕೆ ಹೋಗಲೇಬೇಕೆಂಬ ವಿಧಿಯಿಲ್ಲ. ನೇತ್ರಾಣಿಯ ಮೀನುಗಳು ಹತ್ತು ಮೀಟರಿನಲ್ಲಿಯೂ ಅಷ್ಟೇ ಚಂದ.

ಸಹಾಯ ಕೇಳುವ ನಾಚಿಕೆಯು ಇನ್ನೊಂದು ದೊಡ್ಡ ಶತ್ರು. ಗಲಿಲಾಯ ಸಮುದ್ರದ ಮೇಲೆ ನಡೆದ ಪೇತ್ರನ ಕಥೆಯನ್ನು ನಮ್ಮ ಶಾಲೆಯ ಬೆಳಗಿನ ಆರಾಧನೆಯಲ್ಲಿ ಎಷ್ಟು ಸಾರಿ ಓದಿಲ್ಲ! ಅವನ ಅಲ್ಪವಿಶ್ವಾಸದ ಮೇಲೆಯೇ ಎಲ್ಲರೂ ಪ್ರಸಂಗ ಮಾಡುತ್ತೇವೆ. ಹುಡುಗಿಯು ಅದರಲ್ಲಿ ಬೇರೊಂದನ್ನು ಕಂಡಳು: ಅವನು ಪೂರಾ ಮುಳುಗುವ ತನಕ ಕಾಯದೆ, ಮುಳುಗಲಾರಂಭಿಸಿದಾಗಲೇ ಕೂಗಿದನಲ್ಲವೇ ಎಂದಳು. ಅವಳ ಗುರುಗಳು ಇದಕ್ಕಾದರೆ ಪೂರ್ಣ ಅಂಕಗಳನ್ನು ಕೊಡುತ್ತಿದ್ದರಂತೆ.

ತಂದೆತಾಯಿಗಳು ಅರಿತಿರಬೇಕಾದ ಒಂದು ಸಂಗತಿ ಉಳಿದಿದೆ. ಆಳಕ್ಕೆ ಮುಳುಗಿ ಬಂದವರ ಶರೀರದಲ್ಲಿ ದಂಡೆಗೆ ಬಂದ ಮೇಲೂ ಹೆಚ್ಚಿನ ಸಾರಜನಕವು ಉಳಿದಿರುತ್ತದೆ. ಎತ್ತರಕ್ಕೆ ಹೋದಷ್ಟು ಗಾಳಿಯ ಒತ್ತಡ ಕಡಿಮೆಯಾಗುವುದರಿಂದ, ಅಂಥವರು ಒಂದು ದಿನವಾದರೂ ವಿಮಾನ ಹತ್ತದೆ ಕಾಯುವುದು ವಾಡಿಕೆ. ಘಟ್ಟಕ್ಕೂ ಇದೇ ನ್ಯಾಯ. ಶಿರಸಿಯು ಸಮುದ್ರಮಟ್ಟದಿಂದ ಸುಮಾರು ೬೦೦ ಮೀಟರು, ಬೆಂಗಳೂರು ೯೦೦ ಮೀಟರಿಗೂ ಮೇಲೆ. ಭಾನುವಾರ ಮಧ್ಯಾಹ್ನ ಕಡಲಿನಿಂದೆದ್ದು, ಸೋಮವಾರದ ಕಚೇರಿಗೆಂದು ಅದೇ ರಾತ್ರಿ ಬಸ್ಸು ಹತ್ತುವುದು ಒಳ್ಳೆಯದಲ್ಲ. ಕೀಲುನೋವು, ಜೋಮು, ವಿಪರೀತ ಆಯಾಸ ಕಂಡರೆ, ಬೈಗುಳಕ್ಕೆ ಹೆದರಿ ಮುಚ್ಚಿಡದೆ, ಕೂಡಲೇ ಆಮ್ಲಜನಕವೂ ವೈದ್ಯರೂ ಸಿಕ್ಕುವಲ್ಲಿಗೆ ಹೋಗಬೇಕು. ಮಕ್ಕಳು ಮುಚ್ಚಿಡದೆ ಹೇಳುವಂಥ ಮನೆ ನಮ್ಮದಾಗಿದೆಯೇ ಎಂಬುದನ್ನು ಹಿರಿಯರು ತಾವೇ ಕೇಳಿಕೊಳ್ಳಬೇಕು.

ಈ ಮಳೆಗಾಲದಲ್ಲಿ ನಾವು ಹೊಳನಗದ್ದೆಗೆ ಹೋಗಿದ್ದೆವು. ಊರಿಗೆ ಬಂದಿದ್ದ ಹುಡುಗಿಯು ಜಗಲಿಯಲ್ಲಿ ಕಣ್ಣು ಮುಚ್ಚಿ ನಿಂತು, ಬೆನ್ನಿಗೆ ಕಟ್ಟಿಕೊಂಡ ಎರಡು ಖಾಲಿ ಡಬ್ಬಿಗಳ ಮುಚ್ಚಳಗಳನ್ನು ತಲೆಯ ಹಿಂದಕ್ಕೆ ಕೈಚಾಚಿ ತಿರುಗಿಸುತ್ತಿದ್ದಳು. ತಾಯಿಯವರು ಹೊಸ್ತಿಲಲ್ಲಿ ಕುಳಿತು, ಗಡಿಯಾರ ನೋಡುತ್ತ, “ಎಡಗೈ ನಿಧಾನವಾಯಿತು ನೋಡು, ಮತ್ತೊಂದು ಸಲ,” ಎನ್ನುತ್ತಿದ್ದರು. ನಮ್ಮನ್ನು ಕಂಡು ಎದ್ದು ಬಂದವರು ಮೊದಲಿನ ಪ್ರಶ್ನೆಯನ್ನು ಕೇಳಲಿಲ್ಲ. “ಅಕ್ಕೋರೇ, ದಸರೆಯ ನಂತರ ಹೋಗುತ್ತಾಳಂತೆ. ಮುಳುಗಿ ಬಂದ ಮೇಲೆ ಒಂದು ದಿನ ಪೂರ್ತಿ ಇಲ್ಲೇ ಇಟ್ಟುಕೊಳ್ಳುತ್ತೇನೆ, ಘಟ್ಟ ಹತ್ತಲು ಬಿಡುವುದಿಲ್ಲ,” ಎಂದರು.